ಕಾಂಬೋಡಿಯಾದ ಹಳೇ ಮರದ ಮನೆ ನೋಡೋಕೆ ಬಟ್ಟಂಬಾಂಗ್‌ವರೆಗೆ ಹೋಗಬೇಕಾ?

ಸುಮ್ನೆ_ಸುತ್ತೋಣ

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯಲ್ಲಿ ಕಾಂಬೋಡಿಯಾಕ್ಕೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಮಗಳು, ಜೊತೆಗೆ ನಮ್ಮಮ್ಮ. ಸಿಯೆಮ್ ರೀಪ್‌ನಲ್ಲಿ ಇಳಿದು ಅಂಕೋರ್ ನೋಡಿಕೊಂಡು ಕೊನೆಗೆ ನೋಮ್ ಪೆನ್‌ನಿಂದ ವಾಪಸ್. ಮಧ್ಯದಲ್ಲಿ ಸ್ವಲ್ಪ ಸಮಯ ಉಳಿಯುತ್ತದೆ.

ನನ್ನ ಪ್ರಶ್ನೆ ದೇವಸ್ಥಾನದ ಬಗ್ಗೆ ಅಲ್ಲ, ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಖ್ಮೇರ್ ಜನರ ಹಳೇ ಮನೆ ಒಳಗಿಂದ ನೋಡಬೇಕು ಅಂತ ಆಸೆ. ಕಂಬದ ಮೇಲೆ ನಿಂತಿರುತ್ತವಲ್ಲ, ಆ ತರಹದ್ದು. ಹುಡುಕಿದಾಗ ಬಟ್ಟಂಬಾಂಗ್ ಹತ್ತಿರ ಒಂದು ಹಳ್ಳಿಯಲ್ಲಿ ಅಂಥ ಮನೆಗಳನ್ನು ಉಳಿಸಿಕೊಂಡಿದ್ದಾರೆ, ಮನೆಯವರೇ ತೋರಿಸುತ್ತಾರೆ ಅಂತ ಗೊತ್ತಾಯಿತು. ಹೋಗಿ ಬಂದವರು ಇದ್ದರೆ ಹೇಳಿ. ಅಷ್ಟು ದೂರ ಹೋಗುವಷ್ಟು ಇದೆಯಾ? ಅರ್ಧ ಗಂಟೆಯಲ್ಲಿ ಮುಗಿದು ಹೋಗುತ್ತದಾ? ಇನ್ನೊಂದು, ಜನ ವಾಸ ಮಾಡುವ ಮನೆಗೆ ಟಿಕೆಟ್ ತೆಗೆದುಕೊಂಡು ನುಗ್ಗುವುದು ಅಂದರೆ ಮನಸ್ಸಿಗೆ ಒಂಥರಾ ಆಗುತ್ತದೆ. ಯಜಮಾನರು "ಮರದ ಮನೆ ನೋಡೋಕೆ ಮೂರು ಗಂಟೆ ಕಾರಲ್ಲಾ?" ಅಂತ ಆಗಲೇ ಶುರು ಮಾಡಿದ್ದಾರೆ. ಅವರಿಗೆ ತೋರಿಸೋಕೆ ಒಂದು ಒಳ್ಳೇ ಉತ್ತರ ಬೇಕು.

ನದಿ_ದಂಡೆ

ಹೋಗಿ. ಆದರೆ ಬರೀ ಮನೆಗೋಸ್ಕರ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರಬೇಡಿ. ಸಿಯೆಮ್ ರೀಪ್‌ನಿಂದ ಬಟ್ಟಂಬಾಂಗ್, ಅಲ್ಲಿ ಒಂದು ರಾತ್ರಿ ಇದ್ದು ಅಲ್ಲಿಂದಲೇ ನೋಮ್ ಪೆನ್. ಆಗ ಅದು ದಾರಿಯಲ್ಲಿ ಸಿಗುವ ಊರು ಆಗುತ್ತದೆ, ಯಜಮಾನರ ತಕರಾರಿಗೂ ಜಾಗ ಇರುವುದಿಲ್ಲ. ಸಿಯೆಮ್ ರೀಪ್‌ನಿಂದ ಸಿಸೋಫೋನ್ ಮೇಲೆ ಸುತ್ತಿ ಹೋಗುವ ರಸ್ತೆ, ಸುಮಾರು 170 ಕಿಲೋಮೀಟರ್, ಮೂರರಿಂದ ಮೂರೂವರೆ ಗಂಟೆ. ಅಲ್ಲಿಂದ ನೋಮ್ ಪೆನ್ 290 ಕಿಲೋಮೀಟರ್ ಆಸುಪಾಸು.

ನೀವು ಹೇಳುತ್ತಿರುವ ಹಳ್ಳಿ ವಾಟ್ ಕೋರ್. ಪೇಟೆಯಿಂದ ದಕ್ಷಿಣಕ್ಕೆ, ಸಾಂಗ್ಕೆ ನದಿ ಪಕ್ಕದ ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್ ಅಷ್ಟೆ. ಟುಕ್‌ಟುಕ್‌ನವರಿಗೆ "ಏನ್ಷಿಯಂಟ್ ಹೌಸ್" ಅಂದರೆ ಸಾಕು, ಎಲ್ಲರಿಗೂ ಗೊತ್ತು. ಸೈಕಲ್ ಬಾಡಿಗೆಗೆ ತೆಗೆದುಕೊಂಡರೂ ಆಯಿತು, ರಸ್ತೆ ಪೂರ್ತಿ ಸಮತಟ್ಟು, ಮಾವು ಹಲಸಿನ ನೆರಳು. ಆ ರಸ್ತೆಯಲ್ಲಿ ನೂರು ವರ್ಷದ ಆಸುಪಾಸಿನ ಮನೆಗಳು ಹಲವಾರು ಇವೆ, ಆದರೆ ಎಲ್ಲವೂ ಜನರ ಸ್ವಂತ ಮನೆಗಳು. ಪ್ರವಾಸಿಗರಿಗೆ ತೆರೆದಿರುವುದು ಕೆಲವು ಮಾತ್ರ. ಜನ ಮುಖ್ಯವಾಗಿ ಹೋಗುವ ಎರಡು ಮನೆಗಳಲ್ಲಿ ಒಂದು 1907ರದ್ದು, ಇನ್ನೊಂದು 1920ರದ್ದು.

1907 ಅಂದಾಗ ಒಂದು ವಿಷಯ ನೆನಪಿಟ್ಟುಕೊಂಡು ಹೋಗಿ. ಬಟ್ಟಂಬಾಂಗ್ 1795ರಿಂದ ಸಯಾಮ್ ಕೈಯಲ್ಲಿತ್ತು, ಅಂದರೆ ಈಗಿನ ಥಾಯ್ಲೆಂಡ್. 1907ರಲ್ಲಿ ಅದು ಫ್ರೆಂಚರ ಆಡಳಿತದ ಕಾಂಬೋಡಿಯಾಕ್ಕೆ ಮರಳಿ ಬಂತು. ಅಂದರೆ ಆ ಮನೆ ಕಟ್ಟಿದವರು ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾದ ವರ್ಷದಲ್ಲಿ ಕಟ್ಟಿದ್ದಾರೆ. ಈ ಕಾಲದ ಮನೆಗಳಲ್ಲಿ ಖ್ಮೇರ್ ಪದ್ಧತಿಯ ಜೊತೆಗೆ ಅಲ್ಲಲ್ಲಿ ಸಯಾಮಿನ ಕೈ, ಚೀನೀ ಕೈ, ಫ್ರೆಂಚ್ ಕಿಟಕಿ ಎಲ್ಲ ಬೆರೆತಿರುತ್ತದೆ. ಕಲಬೆರಕೆ ಅಂತ ಮೂಗು ಮುರಿಯುವವರೂ ಇದ್ದಾರೆ. ನನಗೆ ಅದೇ ಚೆನ್ನ ಅನ್ನಿಸುತ್ತದೆ, ಆ ಊರಿನ ಕಥೆ ಅದೇ ಅಲ್ವಾ.

ಸಮಯದ ಬಗ್ಗೆ ಕೇಳಿದಿರಿ. ಫೋಟೋ ತೆಗೆದುಕೊಂಡು ಬರೋಕೆ ಇಪ್ಪತ್ತು ನಿಮಿಷ ಜಾಸ್ತಿ. ಮನೆಯವರ ಜೊತೆ ಕೂತು ಮಾತಾಡಿದರೆ ಬೆಳಗ್ಗೆ ಪೂರ್ತಿ ಹೋಗುತ್ತದೆ. ನನ್ನ ಪ್ರಕಾರ ಅಲ್ಲಿ ನೋಡುವುದಕ್ಕಿಂತ ಕೇಳಿಸಿಕೊಳ್ಳುವುದೇ ಹೆಚ್ಚು ಇದೆ. ಹಳೇ ಮಂಚ, ಕಪಾಟು, ಪಿಂಗಾಣಿ, ಗೋಡೆ ತುಂಬ ಕಪ್ಪು ಬಿಳುಪು ಫೋಟೋ ಇರುತ್ತವೆ. ಸುಮ್ನೆ ನೋಡಿದರೆ ಯಾರದೋ ಅಟ್ಟ ನೋಡಿದ ಹಾಗೆ ಇರುತ್ತದೆ. ಆ ಫೋಟೋದಲ್ಲಿರುವವರು ಯಾರು ಅಂತ ಕೇಳಿ, ಆಮೇಲೆ ನೋಡಿ.

ಗಾಳಿಪಟ_77

ವಯಸ್ಸಾದವರು, ಮಗು ಇಟ್ಟುಕೊಂಡು ಅಷ್ಟು ದೂರ ಯಾಕೆ? ಅಂಕೋರ್ ಒಳಗೇ ಸ್ರಾ ಸ್ರಾಂಗ್ ಕೆರೆಯ ಉತ್ತರಕ್ಕೆ ಖ್ಮೇರ್ ಹ್ಯಾಬಿಟಾಟ್ ಸೆಂಟರ್ ಅಂತ ಇದೆ. ಹಳೇ ಪದ್ಧತಿಯ ಮನೆ, ಹಿತ್ತಲು ತೋಟ, ಹಳ್ಳಿ ಜೀವನ ಹೇಗಿತ್ತು ಅಂತ ವಿವರಿಸೋಕೆ ಅಂತಲೇ ಮಾಡಿರುವುದು. ಬಾಂಟೆಯ್ ಕ್ಡೇ ದೇವಸ್ಥಾನದ ಎದುರಿಗೇ ಆ ಕೆರೆ, ನೀವು ಹೇಗಿದ್ದರೂ ಅಲ್ಲಿಗೆ ಹೋಗೇ ಹೋಗುತ್ತೀರಿ. ಟೂರ್ ಗುಂಪುಗಳು ಅತ್ತ ತಲೆ ಹಾಕುವುದು ಕಡಿಮೆ. ಯಾರ ಮನೆಗೂ ನುಗ್ಗಿದ ಮುಜುಗರ ಇಲ್ಲ.

ಅಂಕೋರ್ ಪಾಸ್ ಹೇಗಿದ್ದರೂ ಬೇಕಲ್ಲ. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮಗಳಿಗೆ 12 ತುಂಬಿಲ್ಲದಿದ್ದರೆ ಉಚಿತ, ಆದರೆ ಪಾಸ್‌ಪೋರ್ಟ್ ಜೊತೆಗಿರಲಿ, ವಯಸ್ಸು ಕೇಳುತ್ತಾರೆ.

ಬಡಗಿ_ಮೊಮ್ಮಗ

ಗಾಳಿಪಟ ಹೇಳಿದ ಜಾಗವೂ ಒಳ್ಳೆಯದೇ, ಆದರೆ ಎರಡೂ ಬೇರೆ ಬೇರೆ. ಒಂದು ತೋರಿಸೋಕೆ ಇಟ್ಟ ಮನೆ, ಇನ್ನೊಂದು ಜನ ಬಾಳಿದ ಮನೆ. ಸಮಯ ಇದ್ದರೆ ಮೊದಲು ಸ್ರಾ ಸ್ರಾಂಗ್, ಆಮೇಲೆ ವಾಟ್ ಕೋರ್. ಏನು ನೋಡಬೇಕು ಅಂತ ಮೊದಲೇ ಗೊತ್ತಿದ್ದರೆ ಎರಡನೆಯದು ಹತ್ತು ಪಟ್ಟು ಚೆನ್ನಾಗಿ ಕಾಣುತ್ತದೆ.

ಮೊದಲ ವಿಷಯ, ಮೆಟ್ಟಿಲು ಹತ್ತುವ ಮುಂಚೆ ಮನೆ ಕೆಳಗೆ ನಿಲ್ಲಿ. ಬಹಳ ಜನ ನೇರ ಮೇಲೆ ಓಡುತ್ತಾರೆ. ಖ್ಮೇರ್ ಮನೆಯಲ್ಲಿ ಹಗಲಿನ ಬದುಕು ನಡೆಯುವುದೇ ಕೆಳಗೆ. ಜೋಲಿ ಕಟ್ಟಿಕೊಂಡು ಮಧ್ಯಾಹ್ನ ಮಲಗುವುದು, ಮಗ್ಗ ಹಾಕಿ ನೇಯುವುದು, ದನ ಕಟ್ಟುವುದು, ಗಾಡಿ ನೇಗಿಲು ಇಡುವುದು, ಬಂದವರ ಜೊತೆ ಹರಟುವುದು ಎಲ್ಲ ಅಲ್ಲೇ. ಮಳೆಗಾಲದಲ್ಲಿ ನೀರು ಬಂದರೆ ಸಾಮಾನು ಮೇಲಕ್ಕೆ. ಪ್ರವಾಹಕ್ಕೋಸ್ಕರ ಎತ್ತರ ಮಾಡಿದ್ದಾರೆ ಅಂತ ಗೈಡ್‌ಗಳು ಒಂದೇ ಮಾತಲ್ಲಿ ಮುಗಿಸುತ್ತಾರೆ. ಅದು ಅರ್ಧ ಸತ್ಯ. ನೀರೇ ಬಾರದ ದಿಣ್ಣೆ ಮೇಲೂ ಮನೆ ಕಂಬದ ಮೇಲೇ ಇರುತ್ತದೆ. ನೆರಳು, ಗಾಳಿ, ಹಾವು ಚೇಳಿನಿಂದ ದೂರ, ಇದೆಲ್ಲ ಸೇರಿ ಆ ಎತ್ತರ. ಏಪ್ರಿಲ್ ಬಿಸಿಲಲ್ಲಿ ಆ ಕೆಳಗಿನ ಜಾಗಕ್ಕೆ ಹೋಗಿ ನಿಂತರೆ ಯಾರೂ ವಿವರಿಸಬೇಕಾಗಿಲ್ಲ.

ಅಲ್ಲಿ ನಿಂತು ತಲೆ ಎತ್ತಿ ನೋಡಿ. ತೊಲೆ ಕಂಬಕ್ಕೆ ಹೇಗೆ ಕೂತಿದೆ ಅಂತ ಕಾಣುತ್ತದೆ. ಕಂಬದಲ್ಲಿ ತೂತು ಕೊರೆದು, ತೊಲೆಯ ತುದಿ ಅದಕ್ಕೆ ಸರಿಯಾಗಿ ಸಣ್ಣ ಮಾಡಿ, ಒಳಗೆ ತೂರಿಸಿ ಮರದ ಬೆಣೆ ಹೊಡೆದಿರುತ್ತಾರೆ. ಕಬ್ಬಿಣದ ಮೊಳೆ ಕಡಿಮೆ. ಇದರ ಲಾಭ ಏನೆಂದರೆ ಬೆಣೆ ತೆಗೆದರೆ ಇಡೀ ಮನೆ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಕಡೆ ಹೋಗಿ ಮತ್ತೆ ನಿಲ್ಲಿಸಬಹುದು. ಅಲ್ಲಿನ ಜನಕ್ಕೆ ಮನೆ ಮಾರುವುದು ಅಂದರೆ ಎಷ್ಟೋ ಸಲ ಜಾಗ ಬಿಟ್ಟು ಬರೀ ಮನೆ ಮಾರುವುದು. ಕಂಬಕ್ಕೆ ಕೊಕಿ, ಬೆಂಗ್ ತರಹದ ಗಟ್ಟಿ ಮರ ಹಾಕುತ್ತಿದ್ದರು. ಅಂಥ ಮರ ಈಗ ಕಾಡಿನಲ್ಲೇ ಸಿಗುವುದು ಕಷ್ಟ, ಅದಕ್ಕೇ ಹಳೇ ಮನೆಗೆ ಒಂದು ಅಪಾಯ ಹುಟ್ಟಿಕೊಂಡಿದೆ. ಅದರ ಬಗ್ಗೆ ಬೇರೆಯವರು ಹೇಳುತ್ತಾರೇನೋ.

ಮೆಟ್ಟಿಲು ಎಣಿಸಿ. ಮಗಳಿಗೆ ಆ ಕೆಲಸ ಕೊಡಿ. ಬೆಸ ಸಂಖ್ಯೆಯಲ್ಲಿ ಇರುತ್ತವೆ, ಸಮ ಸಂಖ್ಯೆ ಶುಭ ಅಲ್ಲ ಅಂತ ನಂಬಿಕೆ. ಮನೆ ಪೂರ್ವಕ್ಕೆ ಮುಖ ಮಾಡುವುದು ಶ್ರೇಷ್ಠ. ಕಟ್ಟುವ ಮುಂಚೆ ಆಚಾರ್ ಅಂತ ಕರೆಯುವ ಊರಿನ ಹಿರಿಯರನ್ನು ಕೇಳಿ ಜಾಗ, ದಿನ ಗೊತ್ತು ಮಾಡುತ್ತಾರೆ. ಮೊದಲ ಕಂಬ ನಿಲ್ಲಿಸುವಾಗ ಪೂಜೆ ಇರುತ್ತದೆ. ಅಂಗಳದಲ್ಲಿ ಒಂದು ಕಂಬದ ಮೇಲೆ ಪುಟ್ಟ ಗುಡಿ ಕಂಡರೆ ಅದು ಆ ಜಾಗ ಕಾಯುವ ದೇವರಿಗೆ.

ಮೇಲೆ ಹೋದ ಮೇಲೆ ಕಾಲಿನ ಕೆಳಗೆ ನೋಡಿ. ನೆಲದ ಹಲಗೆಗಳ ಮಧ್ಯೆ ಸಂದು ಬಿಟ್ಟಿರುತ್ತಾರೆ. ಕೆಳಗಿನ ತಂಪು ಗಾಳಿ ಅದರಿಂದ ಮೇಲೆ ಬರುತ್ತದೆ. ಬಿಸಿ ಗಾಳಿ ಮಾಡಿನ ಹತ್ತಿರ ಹೋಗಿ ಆಚೆ ಹೊರಡುತ್ತದೆ. ಗುಡಿಸಿದ ಕಸವೂ ಅದೇ ಸಂದಿನಿಂದ ಕೆಳಗೆ ಹೋಗುತ್ತದೆ, ಆ ಅನುಕೂಲ ಬೇರೆ. ಅಡುಗೆಮನೆ ಹಿಂದೆ, ಬೇರೆಯಾಗಿ ಇರುತ್ತದೆ. ಬೆಂಕಿಯ ಭಯ, ಹೊಗೆ, ಜೊತೆಗೆ ಪ್ರಹೋಕ್ ವಾಸನೆ. ಪ್ರಹೋಕ್ ಅಂದರೆ ಹುದುಗಿಸಿದ ಮೀನಿನ ಪೇಸ್ಟ್, ಅವರ ಅಡುಗೆಗೆ ಅದೇ ಬೆನ್ನೆಲುಬು. ಅಭ್ಯಾಸ ಇಲ್ಲದವರು ಮೂಗು ಮುಚ್ಚಿಕೊಳ್ಳದೆ ಇದ್ದರೆ ಮನೆಯವರಿಗೆ ನೀವು ಮಾಡುವ ದೊಡ್ಡ ಉಪಕಾರ.

ಹಿತ್ತಲಲ್ಲಿ ಆಳೆತ್ತರದ ಹಂಡೆಗಳು ಇರುತ್ತವೆ. ಮಾಡಿನ ದೋಣಿಯಿಂದ ಮಳೆ ನೀರು ಅದಕ್ಕೆ ಬೀಳುತ್ತದೆ. ಬೇಸಿಗೆಗೆ ಅದೇ ಕುಡಿಯುವ ನೀರು.

ನದಿ_ದಂಡೆ

ಬಡಗಿಗಳೇ, ಹೆಂಚಿನ ಬಗ್ಗೆ ಬಿಟ್ಟಿರಿ.

ಬಡಗಿ_ಮೊಮ್ಮಗ

ಹೌದು, ಅದು ಒಳ್ಳೇ ಕಥೆ. 1296ರಲ್ಲಿ ಚೀನಾದಿಂದ ಒಂದು ರಾಯಭಾರಿ ತಂಡ ಅಂಕೋರ್‌ಗೆ ಬಂದಿತ್ತು. ಅದರಲ್ಲಿದ್ದ ಝೋ ದಾಗ್ವಾನ್ ಎನ್ನುವವನು ವಾಪಸ್ ಹೋಗಿ ತಾನು ಕಂಡದ್ದನ್ನು ಬರೆದಿಟ್ಟ. ದೊಡ್ಡವರ ಮನೆಗಳಲ್ಲೂ ದೇವರ ಕೋಣೆ ಮತ್ತು ಮುಖ್ಯ ಭಾಗಕ್ಕೆ ಮಾತ್ರ ಹೆಂಚು ಹಾಕಬಹುದಿತ್ತು, ಉಳಿದ ಭಾಗಕ್ಕೆ ಹುಲ್ಲೇ. ಸಾಮಾನ್ಯ ಜನ ಒಂದೇ ಒಂದು ಹೆಂಚು ಇಡೋಕೂ ಧೈರ್ಯ ಮಾಡುತ್ತಿರಲಿಲ್ಲವಂತೆ. ಅಧಿಕಾರಿಗಳ ಮನೆ ಎಲ್ಲ ಪೂರ್ವಕ್ಕೆ ಮುಖ ಮಾಡಿರುತ್ತಿದ್ದವು ಅಂತಲೂ ಬರೆದಿದ್ದಾನೆ. ಮೇಜು ಕುರ್ಚಿ ಇಲ್ಲ, ಚಾಪೆ ಹಾಸಿ ಮಲಗುತ್ತಾರೆ, ಮೂರು ಕಲ್ಲು ಹೂತು ಒಲೆ ಮಾಡುತ್ತಾರೆ, ತೆಂಗಿನ ಚಿಪ್ಪಿನ ಸೌಟು ಬಳಸುತ್ತಾರೆ, ಹೀಗೆ ಅಡುಗೆಮನೆವರೆಗೂ ಇಣುಕಿದ್ದಾನೆ ಪುಣ್ಯಾತ್ಮ.

ಕಲ್ಲು ದೇವರಿಗೆ, ಮರ ಮನುಷ್ಯರಿಗೆ. ರಾಜನ ಅರಮನೆಯೂ ಮರದ್ದೇ. ಅದಕ್ಕೇ ಅಂಕೋರ್‌ನಲ್ಲಿ ಅಷ್ಟು ದೇವಸ್ಥಾನ ನಿಂತಿವೆ, ಒಂದು ಮನೆಯೂ ಇಲ್ಲ. ಆ ಕಾಲದ ಮನೆಗಳನ್ನು ನೋಡಬೇಕಾದರೆ ಅಲ್ಲಿನ ಬಾಯೋನ್ ದೇವಸ್ಥಾನದ ಹೊರಗಿನ ಗೋಡೆಯ ಕೆತ್ತನೆಗೆ ಹೋಗಿ. ಸಂತೆ, ಅಡುಗೆ, ಕೋಳಿ ಅಂಕ ಎಲ್ಲ ಇದೆ. ಮೊದಲು ಅದನ್ನು ನೋಡಿ, ಆಮೇಲೆ ವಾಟ್ ಕೋರ್‌ನ ಹೆಂಚಿನ ಮಾಡು ನೋಡಿ. ಹೆಂಚು ಅಂದರೆ ಅಲ್ಲಿ ಅಂತಸ್ತು ಅನ್ನುವುದು ಗೊತ್ತಾಗುತ್ತದೆ. ನೀವು ನೋಡಲು ಹೋಗುತ್ತಿರುವುದು ಬಡವರ ಮನೆ ಅಲ್ಲ. ಬಡವರ ಮನೆಗೆ ತಾಳೆ ಗರಿ, ಬಿದಿರು ತಡಿಕೆ, ಹುಲ್ಲು. ಅದು ಕೆಲವೇ ವರ್ಷ ಬಾಳುತ್ತದೆ, ಯಾರೂ ಜೋಪಾನ ಮಾಡಿ ಇಡುವುದಿಲ್ಲ. ಉಳಿದದ್ದು ಸರ್ಕಾರಿ ನೌಕರಿ ಇದ್ದವರ, ಜಮೀನು ಇದ್ದವರ ಮನೆ. ಅದನ್ನೇ "ಖ್ಮೇರ್ ಮನೆ" ಅಂತ ಪೂರ್ತಿ ನಂಬಿಕೊಂಡು ಬರಬೇಡಿ.

ಒಗ್ಗರಣೆ_ಬೇಡ

ಎಲ್ಲರೂ ಚೆಂದ ಚೆಂದ ಬರೆದಿದ್ದೀರಿ. ನಾನು ಸ್ವಲ್ಪ ಕಹಿ ಹೇಳುತ್ತೇನೆ, ಬೈಬೇಡಿ.

ಬಡಗಿ ಅರ್ಧಕ್ಕೆ ಬಿಟ್ಟ ಅಪಾಯ ಇದು. ಹೊಸ ಮರ ಸಿಗುವುದಿಲ್ಲ, ಹಳೇ ಮನೆಯಲ್ಲಿ ಟನ್‌ಗಟ್ಟಲೆ ಒಳ್ಳೇ ಮರ ಇದೆ. ಆದ್ದರಿಂದ ಹಳ್ಳಿಗಳಲ್ಲಿ ಹಳೇ ಮನೆ ಕೊಂಡು, ಬಿಚ್ಚಿ, ಲಾರಿ ಮೇಲೆ ಹಾಕಿಕೊಂಡು ಹೋಗುವ ವ್ಯಾಪಾರ ನಡೆಯುತ್ತದೆ. ಕೆಲವು ಮಂಚ ಮೇಜು ಆಗುತ್ತವೆ. ಕೆಲವು ಸಿಯೆಮ್ ರೀಪ್‌ನ ಹೋಟೆಲುಗಳಿಗೆ ಹೋಗಿ ಎಸಿ, ಸ್ನಾನದ ತೊಟ್ಟಿ ಹಾಕಿಸಿಕೊಂಡು "ಸಾಂಪ್ರದಾಯಿಕ ಖ್ಮೇರ್ ಮನೆಯಲ್ಲಿ ತಂಗಿ" ಅಂತ ಬಾಡಿಗೆಗೆ ನಿಲ್ಲುತ್ತವೆ. ಮಾರುವವರನ್ನು ನಾನು ದೂರುವುದಿಲ್ಲ. ಹಳೇ ಮಾಡು ಸೋರುತ್ತದೆ, ರಿಪೇರಿ ದುಬಾರಿ, ಮಕ್ಕಳಿಗೆ ಸಿಮೆಂಟ್ ಮನೆ ಬೇಕು. ಆಸೆ ಪಟ್ಟರೆ ತಪ್ಪೇನು? ಮರ ಒಳಗಿಂದ ಗೆದ್ದಲು ಹಿಡಿದಾಗ ಪರಂಪರೆ ಅಂತ ಭಾಷಣ ಮಾಡೋಕೆ ನಾವು ಹೋಗಿ ನಿಲ್ಲುತ್ತೇವಾ?

ಇನ್ನು ಅಂಕೋರ್ ಒಳಗೆ. ಅಲ್ಲಿ 112 ಹಳ್ಳಿಗಳು ಇವೆ. ಅಂಕೋರ್ 1992ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. 1995ರಲ್ಲಿ ಅದನ್ನು ನೋಡಿಕೊಳ್ಳೋಕೆ ಅಪ್ಸರಾ ಎನ್ನುವ ಪ್ರಾಧಿಕಾರ ಮಾಡಿದರು. ಒಳಗಿನವರು ತಮ್ಮ ಮನೆ ಕಟ್ಟಬೇಕಾದರೂ, ದೊಡ್ಡದು ಮಾಡಬೇಕಾದರೂ ಅವರ ನಿಯಮ. 2022ರಿಂದ ಸಾವಿರಾರು ಕುಟುಂಬಗಳನ್ನು ಅಲ್ಲಿಂದ ರುನ್ ತಾ ಎಕ್ ಎನ್ನುವ ಜಾಗಕ್ಕೆ ಕಳಿಸಿದರು. ಹಳೇ ಹಳ್ಳಿಯವರನ್ನು ಮುಟ್ಟಿಲ್ಲ, ಆಮೇಲೆ ಬಂದು ಗುಡಿಸಲು ಹಾಕಿದವರು ಅವರಾಗಿಯೇ ಹೋಗುತ್ತಿದ್ದಾರೆ ಅಂತ ಸರ್ಕಾರ ಹೇಳಿತು. ಇದು ಬಲವಂತದ ಒಕ್ಕಲೆಬ್ಬಿಸುವಿಕೆ ಅಂತ ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ 2023ರಲ್ಲಿ ವರದಿ ಮಾಡಿತು. ಹೋದವರು ತಮ್ಮ ಮನೆ ತಾವೇ ಬಿಚ್ಚಿ, ಹಲಗೆ ತಗಡು ಹೊತ್ತುಕೊಂಡು ಹೋದರು. ಒಂದು ಕಡೆ ಮಾದರಿ ಮನೆ ಪ್ರದರ್ಶನಕ್ಕೆ ನಿಂತಿದೆ, ಅದೇ ಕಾಡಿನ ಇನ್ನೊಂದು ಕಡೆ ನಿಜವಾದ ಮನೆ ಖಾಲಿ ಆಗುತ್ತಿದೆ. ನೋಡಬೇಡಿ ಅಂತ ಹೇಳುತ್ತಿಲ್ಲ. ನೋಡುವಾಗ ಇದೂ ತಲೆಯಲ್ಲಿ ಇರಲಿ.

ಗಾಳಿಪಟ_77

ಸರ್, ಅವರು ಅಮ್ಮ ಮಗಳ ಜೊತೆ ರಜಕ್ಕೆ ಹೋಗುತ್ತಿದ್ದಾರೆ 🙂

ಒಗ್ಗರಣೆ_ಬೇಡ

ರಜ ಹಾಳು ಮಾಡೋಕೆ ಬರೆದಿಲ್ಲ. "ಜನರ ಮನೆಗೆ ನುಗ್ಗಿದ ಹಾಗೆ ಆಗುತ್ತದೆ" ಅಂತ ಅವರೇ ಕೇಳಿದರು. ಅದಕ್ಕೇ ಹೇಳುತ್ತೇನೆ, ವಾಟ್ ಕೋರ್‌ಗೇ ಹೋಗಲಿ. ಅಲ್ಲಿ ದುಡ್ಡು ನೇರ ಮನೆಯವರ ಕೈಗೆ ಹೋಗುತ್ತದೆ, ಬಾಗಿಲು ತೆರೆದವರು ಅವರೇ. ಮನೆ ಮಾರದೆ ಉಳಿಸಿಕೊಂಡಿರುವುದಕ್ಕೆ ಅದು ಒಂದು ಕಾರಣವಾದರೂ ಆಗುತ್ತದೆ.

ಸುಮ್ನೆ_ಸುತ್ತೋಣ

ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಒಗ್ಗರಣೆ ಸರ್, ನನಗೇನೂ ಬೇಜಾರಿಲ್ಲ, ಇದೆಲ್ಲ ಗೊತ್ತಿರಲಿಲ್ಲ. ಯಜಮಾನರಿಗೆ ಬಡಗಿ ಅವರ ಉತ್ತರ ಓದಿ ಹೇಳಿದೆ. ಬೆಣೆ, ತೂತು ಅಂದ ಕೂಡಲೇ ಕಿವಿ ನೆಟ್ಟಗಾಯಿತು (ಅವರು ಮೆಕ್ಯಾನಿಕಲ್). ಹಾಗಾಗಿ ಬಟ್ಟಂಬಾಂಗ್‌ಗೆ ಹೋಗುವುದು ಖಾತ್ರಿ.

ಈಗ ಸಣ್ಣ ಸಣ್ಣ ಪ್ರಶ್ನೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಕಡಿದಾಗಿ ಇರುತ್ತದಾ? ಎಷ್ಟು ದುಡ್ಡು ಕೊಡಬೇಕು, ಡಾಲರಾ ರಿಯೆಲಾ? ಮನೆಯೊಳಗೆ ಹೇಗೆ ನಡೆದುಕೊಳ್ಳಬೇಕು? ಅದಕ್ಕಿಂತ ಮುಖ್ಯ, ಖ್ಮೇರ್ ರೂಜ್ (ಪೋಲ್ ಪಾಟ್‌ನ ಕಮ್ಯುನಿಸ್ಟ್ ಆಡಳಿತ) ಕಾಲದ ಬಗ್ಗೆ ಮನೆಯವರನ್ನು ಕೇಳಬಹುದಾ? ಕೇಳಬೇಕು ಅನ್ನಿಸುತ್ತದೆ, ಆದರೆ ಹೇಗೆ ಅಂತ ಗೊತ್ತಾಗುತ್ತಿಲ್ಲ.

ಚಪ್ಪಲಿ_ಸವೆದವಳು

ಮೊದಲು ಅಮ್ಮನ ವಿಷಯ. ಹಳೇ ಮರದ ಮೆಟ್ಟಿಲು ಸ್ವಲ್ಪ ಕಡಿದು. ನಿಧಾನ ಹತ್ತಿದರೆ ಆಗುತ್ತದೆ, ಇಳಿಯುವಾಗ ಯಾರಾದರೂ ಮುಂದೆ ಇರಿ. ಆಗದಿದ್ದರೆ ಅಮ್ಮ ಕೆಳಗೆ ಕೂರಲಿ, ಅಲ್ಲಿ ಮಂಚವೋ ಬೆಂಚೋ ಇರುತ್ತದೆ, ಮನೆಯ ಅಜ್ಜಿಯೂ ಅಲ್ಲೇ ಇರುವ ಸಾಧ್ಯತೆ ಜಾಸ್ತಿ. ಭಾಷೆ ಬರದಿದ್ದರೂ ವಯಸ್ಸಾದವರಿಬ್ಬರು ಕೂತರೆ ಹೇಗೋ ಮಾತು ನಡೆಯುತ್ತದೆ. ಹಳೇ ಮನೆಗಳಲ್ಲಿ ಎಲೆ ಅಡಿಕೆ ಪೆಟ್ಟಿಗೆ, ಅಡಕತ್ತರಿ ಇಟ್ಟಿರುತ್ತಾರೆ. ಅಮ್ಮ ಅದನ್ನು ಗುರುತು ಹಿಡಿದರೆ ಅವರಿಗೆ ಖುಷಿಯೋ ಖುಷಿ.

ಚಪ್ಪಲಿ ಮೆಟ್ಟಿಲ ಬುಡದಲ್ಲೇ ಬಿಡಿ. ಟೋಪಿ ತೆಗೆಯಿರಿ. ಎರಡೂ ಕೈ ಜೋಡಿಸಿ ತಲೆ ಬಗ್ಗಿಸಿದರೆ ಅದೇ ಅವರ ಸಂಪೆಯಾ, ಹಿರಿಯರಿಗೆ ಮಾಡುವಾಗ ಕೈ ಸ್ವಲ್ಪ ಎತ್ತರ. ಕೆಳಗೆ ಕೂರುವಾಗ ಕಾಲು ಮಡಿಸಿ ಪಕ್ಕಕ್ಕೆ ಇಟ್ಟುಕೊಳ್ಳಿ. ಬುದ್ಧನ ಪೀಠದ ಕಡೆಗೋ ಹಿರಿಯರ ಕಡೆಗೋ ಅಂಗಾಲು ತೋರಿಸಬೇಡಿ. ಅವರ ಮಕ್ಕಳ ತಲೆ ಮುಟ್ಟಬೇಡಿ, ಎಷ್ಟೇ ಮುದ್ದು ಬಂದರೂ. ಮಂಚದ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗರನ್ನು ನಾನೇ ಕಂಡಿದ್ದೇನೆ. ದಯವಿಟ್ಟು ಆ ಸಾಲಿಗೆ ಸೇರಬೇಡಿ. ಮುಚ್ಚಿದ ಕೋಣೆ ಇದ್ದರೆ ಅದು ಮುಚ್ಚಿದ್ದೇ, ಅಲ್ಲಿ ಯಾರೋ ಮಲಗುತ್ತಾರೆ.

ದುಡ್ಡು ತಲೆಗೆ ಒಂದೆರಡು ಡಾಲರ್ ಕೊಟ್ಟರೆ ಸಾಕು. ತುಂಬ ಹೊತ್ತು ಕೂತು ಮಾತಾಡಿಸಿದರೆ ಇನ್ನೂ ಸ್ವಲ್ಪ ಹಾಕಿ. ಡಾಲರ್, ರಿಯೆಲ್ ಎರಡೂ ನಡೆಯುತ್ತವೆ. ಒಂದು ಡಾಲರ್‌ಗೆ ಸುಮಾರು 4,000 ರಿಯೆಲ್ ಅಂತ ಲೆಕ್ಕ ಹಾಕಿಕೊಳ್ಳಿ. ಡಾಲರ್ ನೋಟು ಹರಿದಿದ್ದರೆ, ಗೀಚಿದ್ದರೆ ಯಾರೂ ಮುಟ್ಟುವುದಿಲ್ಲ, ಹೊಸ ನೋಟು ಇಟ್ಟುಕೊಳ್ಳಿ. ಸಣ್ಣ ನೋಟು ಜಾಸ್ತಿ ಇರಲಿ, 50 ಡಾಲರ್ ತೆಗೆದು ಅಜ್ಜಿಯ ಮುಂದೆ ಹಿಡಿದರೆ ಅವರು ಚಿಲ್ಲರೆಗೆ ಎಲ್ಲಿ ಓಡಬೇಕು?

ಖ್ಮೇರ್ ರೂಜ್ ವಿಷಯ. ಕೇಳಬಹುದು, ಆದರೆ ಮೊದಲ ಪ್ರಶ್ನೆಯೇ ಅದು ಆಗಬಾರದು. 1975ರ ಏಪ್ರಿಲ್‌ನಲ್ಲಿ ಪೇಟೆ ಪಟ್ಟಣಗಳನ್ನು ಖಾಲಿ ಮಾಡಿಸಿ ಜನರನ್ನು ಹಳ್ಳಿಗಾಡಿಗೆ ಅಟ್ಟಿದರು. ಸ್ವಂತ ಆಸ್ತಿ ಅನ್ನುವುದೇ ಇಲ್ಲ ಅಂದರು. ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ, ಎಲ್ಲರೂ ಒಂದೇ ಕಡೆ ಉಣ್ಣಬೇಕು. ದೊಡ್ಡ ಮನೆಗಳು ಉಗ್ರಾಣವೋ, ಊಟದ ಮನೆಯೋ, ಅವರ ಮುಖಂಡರ ಬಿಡಾರವೋ ಆದವು. ಕೆಲವು ಮನೆ ಉಳಿದದ್ದೇ ಹಾಗೆ, ಅವರಿಗೆ ಬೇಕಿತ್ತು ಅಂತ. 1979ರ ಜನವರಿಯಲ್ಲಿ ಆ ಆಡಳಿತ ಬಿದ್ದ ಮೇಲೆ ಜನ ನಡೆದುಕೊಂಡು ವಾಪಸ್ ಬಂದರು, ಬಂದಾಗ ಮನೆಯಲ್ಲಿ ಯಾರೋ ಇದ್ದರು, ಅಥವಾ ಸಾಮಾನು ಒಂದೂ ಇರಲಿಲ್ಲ, ಅಥವಾ ಮನೆಯೇ ಇರಲಿಲ್ಲ. ಮನೆ ಕಾನೂನಿನಲ್ಲಿ ಮತ್ತೆ ಸ್ವಂತದ್ದು ಆಗಬೇಕಾದರೆ 1989 ಬರಬೇಕಾಯಿತು. ಇಷ್ಟು ತಿಳಿದುಕೊಂಡು ಹೋದರೆ ನೀವು ಕೇಳುವ ರೀತಿಯೇ ಬೇರೆ ಆಗುತ್ತದೆ.

ನಾನು ಕಂಡ ಹಾಗೆ ಒಳ್ಳೇ ದಾರಿ ಸಾಮಾನಿನ ಮೂಲಕ ಹೋಗುವುದು. "ಈ ಕಪಾಟು ಮೊದಲಿಂದ ಇಲ್ಲೇ ಇತ್ತಾ?" ಅಂತ ಕೇಳಿ. ಹೇಳಬೇಕು ಅನ್ನಿಸಿದರೆ ಅವರೇ ಅಲ್ಲಿಂದ ಶುರು ಮಾಡುತ್ತಾರೆ. ಅನ್ನಿಸದಿದ್ದರೆ ಕಪಾಟಿನ ಬಗ್ಗೆ ಹೇಳಿ ಮುಂದೆ ಹೋಗುತ್ತಾರೆ, ನೀವೂ ಮುಂದೆ ಹೋಗಿ. ಫೋಟೋದಲ್ಲಿರುವವರು "ಈಗ ಎಲ್ಲಿದ್ದಾರೆ" ಅಂತ ಮಾತ್ರ ಕೇಳಬೇಡಿ, "ಇವರು ಯಾರು" ಸಾಕು. ಹಿರಿಯರಿಗೆ ಇಂಗ್ಲಿಷ್‌ಗಿಂತ ಫ್ರೆಂಚ್ ಚೆನ್ನಾಗಿ ಬರುವುದುಂಟು. ಖ್ಮೇರ್ ಮಾತಾಡುವ ಟುಕ್‌ಟುಕ್‌ನವರು ಸ್ವಲ್ಪ ಇಂಗ್ಲಿಷ್ ಬಲ್ಲವರಾದರೆ ಅವರನ್ನೂ ಒಳಗೆ ಕರೆದುಕೊಳ್ಳಿ, ಹೊರಗೆ ಕಾಯಿಸಬೇಡಿ. ಅವರಿಗೂ ಅವರದೇ ಮನೆಯ ಕಥೆ ಇರುತ್ತದೆ.

ನದಿ_ದಂಡೆ

ಇದಕ್ಕೆ ಒಂದು ಸೇರಿಸುತ್ತೇನೆ. ಬೆಳಗ್ಗೆ ಹೋಗಿ. ಮಧ್ಯಾಹ್ನ ಹನ್ನೆರಡರಿಂದ ಎರಡು ಅವರು ಉಂಡು ಮಲಗುವ ಹೊತ್ತು, ಆಗ ಗೇಟ್ ಬಳಿ ನಿಂತು ಕೂಗುವುದು ಚೆನ್ನಾಗಿರಲ್ಲ. ಸಂಜೆಗೆ ನೋಮ್ ಸಂಪೌ ಬೆಟ್ಟಕ್ಕೆ ಹೋಗಿ, ಕತ್ತಲಾಗುವಾಗ ಗುಹೆಯಿಂದ ಬಾವಲಿಗಳು ಸಾಲು ಸಾಲಾಗಿ ಹೊರಡುತ್ತವೆ, ಮಗಳು ಮರೆಯುವುದಿಲ್ಲ. ಅದೇ ಬೆಟ್ಟದಲ್ಲಿ ಖ್ಮೇರ್ ರೂಜ್ ಕಾಲದಲ್ಲಿ ಜನರನ್ನು ಕೊಂದು ಎಸೆದ ಗುಹೆಗಳೂ ಇವೆ. ಅದಕ್ಕೆ ಮಗಳನ್ನು ಕರೆದುಕೊಂಡು ಹೋಗುವುದು ಬಿಡುವುದು ನಿಮ್ಮ ತೀರ್ಮಾನ. ಬಾವಲಿ ಕೆಳಗೆ ರಸ್ತೆಯಿಂದಲೇ ಕಾಣುತ್ತವೆ, ಬೆಟ್ಟ ಹತ್ತಬೇಕಿಲ್ಲ, ಅಮ್ಮನಿಗೂ ಅನುಕೂಲ.

ಸುಮ್ನೆ_ಸುತ್ತೋಣ

ತುಂಬಾ ಉಪಕಾರ ಆಯಿತು. ಕೊನೆಯದು. ಸಿಯೆಮ್ ರೀಪ್‌ನಿಂದ ಬಟ್ಟಂಬಾಂಗ್‌ಗೆ ದೋಣಿಯೂ ಇದೆಯಂತೆ, ಟೋನ್ಲೆ ಸಾಪ್ ಕೆರೆಯ ಮೇಲೆ. ದಾರಿಯಲ್ಲಿ ನೀರಿನ ಮೇಲಿನ ಮನೆಗಳೂ ಕಾಣುತ್ತವೆ ಅಂದರು. ಮನೆ ನೋಡೋಕೇ ಹೊರಟಿದ್ದೇವಲ್ಲ, ಅದರಲ್ಲೇ ಹೋಗೋಣವಾ?

ಚಪ್ಪಲಿ_ಸವೆದವಳು

ಮಂಡಿ ನೋವಿನ ಅಮ್ಮನ ಜೊತೆ ಬೇಡ. ಆ ಕೆರೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ, 2,500 ಚದರ ಕಿಲೋಮೀಟರ್ ಇರುವುದು ಹಿಗ್ಗಿದಾಗ ಅದರ ಐದಾರು ಪಟ್ಟು ಆಗುತ್ತದೆ. ಜನವರಿ ಕೊನೆಗೆ ನೀರು ಇಳಿಯುತ್ತಾ ಬಂದಿರುತ್ತದೆ, ಸಾಂಗ್ಕೆ ನದಿ ಕಿರಿದಾಗಿ ದೋಣಿ ನಿಧಾನ ಆಗುತ್ತದೆ. ಆರು ಗಂಟೆ ಅಂದದ್ದು ಒಂಬತ್ತು ಆದರೂ ಆಯಿತು, ಗಟ್ಟಿ ಬೆಂಚು, ಇಂಜಿನ್ ಸದ್ದು, ಶೌಚಾಲಯ ಹೆಸರಿಗೆ ಮಾತ್ರ.

ನೀರಿನ ಮೇಲಿನ ಮನೆ ನೋಡಲೇಬೇಕು ಅಂದರೆ ಸಿಯೆಮ್ ರೀಪ್‌ನಿಂದ ಅರ್ಧ ದಿನ ಕೊಂಪೋಂಗ್ ಖ್ಲೆಯಾಂಗ್‌ಗೆ ಹೋಗಿ ಬನ್ನಿ. ನೀರು ಇಳಿದ ಕಾಲದಲ್ಲೇ ಅದು ಚೆನ್ನ, ಹತ್ತು ಮೀಟರ್ ಎತ್ತರದ ಕಂಬದ ಮೇಲೆ ಮನೆ ನಿಂತಿರುತ್ತವೆ, ರಸ್ತೆಯಿಂದ ತಲೆ ಎತ್ತಿ ನೋಡಬೇಕು. ಬಟ್ಟಂಬಾಂಗ್‌ಗೆ ಕಾರು ಮಾಡಿಕೊಳ್ಳಿ, ಡ್ರೈವರ್‌ಗೆ ಮಧ್ಯೆ ಒಂದು ಕಡೆ ನಿಲ್ಲಿಸೋಕೆ ಮೊದಲೇ ಹೇಳಿ ಇಡಿ.